ಬಣ್ಣದ ಸೂತಕ

ಬಸವಾದಿ ಶರಣರು ಐದು ಸೂತಕಗಳನ್ನು ಅಲ್ಲಗಳೆದರು: ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ. ಲಿಂಗವಂತರಿಗೆ ಈ ಐದೂ ಇಲ್ಲ ಎಂದು ನಾವು ವೇದಿಕೆಯ ಮೇಲೆ ನಿಂತು ಹೆಮ್ಮೆಯಿಂದ ಹೇಳುತ್ತೇವೆ. ಮನೆಗಳಲ್ಲಿ ಎಷ್ಟು ಪಾಲಿಸುತ್ತೇವೆ ಎಂಬುದರ ಬಗ್ಗೆ ಈ ಪತ್ರಿಕೆಯಲ್ಲಿ ಬಲ್ಲವರು ಬರೆದಿದ್ದಾರೆ, ಬರೆಯುತ್ತಲೂ ಇದ್ದಾರೆ. ನಾನು ಇಂದು ಬರೆಯುತ್ತಿರುವುದು ಆ ಪಟ್ಟಿಯಲ್ಲಿಲ್ಲದ, ನಾವೇ ಕಟ್ಟಿಕೊಂಡಿರುವ ಆರನೆಯ ಸೂತಕದ ಬಗ್ಗೆ. ಹೆಣ್ಣುಮಕ್ಕಳ ಮೈಬಣ್ಣದ, ಮೈಕಟ್ಟಿನ ಸೂತಕ.

ಸೂತಕ ಎಂಬ ಮಾತು ಇಲ್ಲಿ ಅತಿಯಾಯಿತು ಎಂದು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಸೂತಕ ಎಂದರೇನು? ಮನುಷ್ಯರ ಮೈಯಲ್ಲಿ ಸಹಜವಾಗಿ ಇರುವ, ಅವರ ಕೈಯಲ್ಲಿಲ್ಲದ ಒಂದು ಸಂಗತಿಯನ್ನು ಮೈಲಿಗೆ ಎಂದು ಕರೆದು ಅವರನ್ನು ದೂರ ಕೂಡಿಸುವುದು. ಕಪ್ಪಗಿರುವ, ದಪ್ಪಗಿರುವ, ಮುಖದ ಮೇಲೆ ಮೊಡವೆಯ ಕಲೆ ಉಳಿದ ಹುಡುಗಿಗೆ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಅದೇ. ಮುಟ್ಟಿನ ಸೂತಕ ನಾಲ್ಕನೆಯ ದಿನಕ್ಕೆ ತೀರುತ್ತಿತ್ತು. ಹೆರಿಗೆಯ ಸೂತಕಕ್ಕೂ ಒಂದು ಲೆಕ್ಕವಿತ್ತು. ಇದಕ್ಕೆ ಮಾತ್ರ ತೀರುವ ದಿನವೇ ಇಲ್ಲ.

ನಾನು ಧಾರವಾಡ ಸೀಮೆಯವಳು. ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದೆ. ಈಗ ನಮ್ಮೂರಿನ ಅಕ್ಕನ ಬಳಗದ ಕೆಲಸ ನೋಡುತ್ತೇನೆ. ವರ್ಷಕ್ಕೊಮ್ಮೆ ಮಠದ ಆವರಣದಲ್ಲಿ ನಡೆಯುವ ವಧು-ವರರ ಸಮಾವೇಶದಲ್ಲಿ ಹೆಣ್ಣಿನ ಕಡೆಯವರ ಮಾಹಿತಿ ಮೇಜಿಗೆ ಕೂಡುತ್ತೇನೆ. ಈ ಸಮಾವೇಶಗಳ ಬಗ್ಗೆ ನನಗೆ ಗೌರವವಿದೆ. ಜಾತಕ ನೋಡದೆ, ಹುಂಡಾ ಕೇಳದೆ, ಒಳಪಂಗಡದ ಗೋಡೆ ದಾಟಿ ನಡೆದ ಮದುವೆಗಳನ್ನು ಇಲ್ಲಿಯೇ ಕಂಡಿದ್ದೇನೆ. ಅಂಥ ಒಳ್ಳೆಯ ಕೆಲಸದೊಳಗೆ ಈ ಕೊಳಕು ಬಂದು ಕುಳಿತಿದೆಯಲ್ಲ ಎಂಬುದೇ ನನ್ನ ಸಿಟ್ಟು.

ಅರ್ಜಿಯ ನಮೂನೆಯನ್ನೇ ನೋಡಿ. ತಲೆಯ ಮೇಲೆ ಬಸವಣ್ಣನವರ ಭಾವಚಿತ್ರ. ಕೆಳಗೆ ಹೆಸರು, ವಿದ್ಯೆ, ಉದ್ಯೋಗ, ಎತ್ತರ. ಅದರ ಕೆಳಗೆ ‘ಮೈಬಣ್ಣ’. ಕೆಲವು ಊರುಗಳ ನಮೂನೆಯಲ್ಲಿ ತೂಕವೂ ಉಂಟು. ಗಂಡಿನ ಅರ್ಜಿಯಲ್ಲಿಯೂ ಈ ಸಾಲು ಇದೆ, ಇಲ್ಲವೆನ್ನಲಾರೆ. ಆದರೆ ಅದನ್ನು ಖಾಲಿ ಬಿಟ್ಟರೆ ಯಾರೂ ಕೇಳುವುದಿಲ್ಲ. ಸಂಬಳದ ಸಾಲು, ಎಕರೆಯ ಸಾಲು ತುಂಬಿದ್ದರೆ ಸಾಕು. ಹೆಣ್ಣಿನ ಅರ್ಜಿಯಲ್ಲಿ ಅದು ಖಾಲಿ ಇದ್ದರೆ ಪುಟ ತಿರುವಿದವರು ತಾವಾಗಿಯೇ ಅರ್ಥ ಮಾಡಿಕೊಂಡುಬಿಡುತ್ತಾರೆ. ಹಾಗಾಗಿ ಹೆತ್ತವರು ಅಲ್ಲಿ ಪದ ಹುಡುಕುತ್ತಾರೆ. ಗೋಧಿಬಣ್ಣ, ಎಣ್ಣೆಗೆಂಪು, ಸಾದಗಪ್ಪು, ಸಾಧಾರಣ. ಸೀರೆ ಅಂಗಡಿಯವರಿಗೂ ಬಣ್ಣಕ್ಕೆ ಇಷ್ಟು ನಾಜೂಕಾದ ಹೆಸರುಗಳು ಹೊಳೆಯಲಾರವು. ಇನ್ನು ಗಂಡಿನ ಅರ್ಜಿಯ ಕೊನೆಯಲ್ಲಿ ‘ನಿರೀಕ್ಷೆ’ ಎಂಬ ಸಾಲಿದೆ. ಅಲ್ಲಿ ಒಬ್ಬರು ಬರೆದದ್ದನ್ನು ನಾನು ಮರೆಯಲಾರೆ: ಬೆಳ್ಳಗಿನ, ತೆಳ್ಳಗಿನ, ಬಸವತತ್ತ್ವದಲ್ಲಿ ನಂಬಿಕೆಯುಳ್ಳ ಕನ್ಯೆ ಬೇಕು. ಮೂರೂ ಒಂದೇ ಉಸಿರಿನಲ್ಲಿ!

ಎರಡು ವರ್ಷದ ಹಿಂದೆ ಕೃಷಿಯಲ್ಲಿ ಎಂ.ಎಸ್ಸಿ. ಮುಗಿಸಿದ ಹುಡುಗಿಯೊಬ್ಬಳು ತಾನೇ ಅರ್ಜಿ ತುಂಬಿ, ಆ ಸಾಲಿನಲ್ಲಿ ‘ಕಪ್ಪು’ ಎಂದು ಬರೆದಳು. ಜೊತೆಗೆ ಬಂದಿದ್ದ ತಂದೆ ಪೆನ್ನು ಇಸಿದುಕೊಂಡು ಅದನ್ನು ಹೊಡೆದುಹಾಕಿ ‘ಗೋಧಿಬಣ್ಣ’ ಎಂದು ತಿದ್ದಿದರು. “ಅಪ್ಪಾ, ಗೋಧಿ ಹೆಂಗ ಇರತೈತಿ ಅಂತ ನನಗ ಗೊತ್ತಿಲ್ಲೇನು? ನಾ ಓದಿದ್ದ ಅದನ್ನ” ಎಂದಳು ಆಕೆ, ನಗುತ್ತಲೇ. ತಂದೆ ನಗಲಿಲ್ಲ. ನಾನು ಆ ತಂದೆಯನ್ನು ದೂರುವುದಿಲ್ಲ. ಅವರು ಮಗಳಿಗಿಂತ ಮೊದಲೇ ಈ ಸಂತೆಯನ್ನು ಕಂಡವರು. ಅಂದು ಆ ಹುಡುಗಿಯನ್ನು ಮಾತನಾಡಿಸಲು ನಾಲ್ಕು ಮನೆಯವರು ಬಂದರು. ಅವರಲ್ಲಿ ಮೂವರು ಅವಳ ಓದಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಬ್ಬ ತಾಯಿ ನನ್ನ ಮೇಜಿನ ಹತ್ತಿರ ಬಗ್ಗಿ, “ಹುಡುಗಿ ಛಲೋ ಅದಾಳ್ರಿ ಅಕ್ಕಾರ, ಬಣ್ಣ ಸ್ವಲ್ಪ ಕಮ್ಮಿ ಆತು” ಎಂದರು.

ಕಮ್ಮಿ! ತಾಯಿ, ನಾನು ವಿಜ್ಞಾನ ಕಲಿಸಿದವಳು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಕಪ್ಪು ಮೈಯಲ್ಲಿ ಹೆಚ್ಚಿರುತ್ತದೆ, ಬೆಳ್ಳಗಿನ ಮೈಯಲ್ಲಿ ಕಮ್ಮಿ ಇರುತ್ತದೆ. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಎಲ್ಲ ಮನುಷ್ಯರಲ್ಲಿಯೂ ಹೆಚ್ಚುಕಡಿಮೆ ಒಂದೇ. ಬಿಸಿಲಿನ ನಾಡಿನಲ್ಲಿ ಆ ಮೆಲನಿನ್ ಮೈಗೆ ಹಿಡಿದ ಕೊಡೆಯ ಹಾಗೆ. ಬಯಲುಸೀಮೆಯ ಸುಡು ಬಿಸಿಲಿನಲ್ಲಿ ಜೋಳ ಬಿತ್ತಿ, ಕಳೆ ಕಿತ್ತು ಬದುಕಿದ ಜನ ನಾವು. ನಮ್ಮ ಅಜ್ಜಿಯರೆಲ್ಲ ಹಾಲಿನ ಬಣ್ಣದವರಾಗಿದ್ದರು ಎಂದು ಯಾರಾದರೂ ಹೇಳಿದರೆ ಅವರು ಅಜ್ಜಿಯ ಜೊತೆ ಹೊಲಕ್ಕೆ ಹೋದವರಲ್ಲ.

ಸಮಾವೇಶವಾದರೂ ನಾಲ್ಕು ಜನರ ಎದುರು ನಡೆಯುತ್ತದೆ. ಮನೆಗಳಲ್ಲಿ ಕನ್ಯಾ ನೋಡುವ ಶಾಸ್ತ್ರದಲ್ಲಿ ಈ ಕತ್ತಿ ಇನ್ನೂ ಹರಿತ. ಹುಡುಗಿಯನ್ನು ನಡೆಸಿ ನೋಡುತ್ತಾರೆ. ಬಾಗಿಲ ಬೆಳಕಿಗೆ ಕೂಡಿಸಿ ನೋಡುತ್ತಾರೆ. ಮುಖದ ಪೌಡರಿನ ಲೆಕ್ಕ ಹಿಡಿಯಲು ಕೈ, ಪಾದ, ಕತ್ತಿನ ಹಿಂಭಾಗಕ್ಕೆ ಕಣ್ಣು ಹಾಯಿಸುತ್ತಾರೆ. ಎತ್ತಿನ ಸಂತೆಯಲ್ಲಿಯೂ ಹಲ್ಲು ಎಣಿಸಿ, ಸುಳಿ ನೋಡಿಯೇ ಕೊಳ್ಳುವುದು. ಆದರೆ ಅಲ್ಲಿ ನೋಡಿದವನು ಹಣ ಕೊಡುತ್ತಾನೆ. ಇಲ್ಲಿ ನೋಡಿಸಿಕೊಂಡವರೇ ಕೊಡಬೇಕು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಬಣ್ಣ ‘ಕಮ್ಮಿ’ಯಾದಷ್ಟೂ ಬಂಗಾರದ ತೊಲೆ ಹೆಚ್ಚಾಗುವ ಲೆಕ್ಕ ಇಂದಿಗೂ ನಮ್ಮ ಪಡಸಾಲೆಗಳಲ್ಲಿ ನಡೆಯುತ್ತಲೇ ಇದೆ. ಹುಡುಗಿಯ ಕಿವಿಗೆ ಬೀಳುವ ಹಾಗೆಯೇ ನಡೆಯುತ್ತದೆ.

ಆ ಕಿವಿಯೊಳಗೆ ಹೋದದ್ದು ಏನಾಗುತ್ತದೆ ಎಂಬುದನ್ನು ನಾವು ಯೋಚಿಸುವುದೇ ಇಲ್ಲ. ನೋಡಿ ಹೋದವರು ತಿಂಗಳ ಮೇಲೆ ಯಾರ ಮೂಲಕವೋ ‘ಆಗುವುದಿಲ್ಲ’ ಎಂದು ಹೇಳಿ ಕಳಿಸುತ್ತಾರೆ. ಮನೆಯವರು ಅದನ್ನು ಮರೆತು ಮುಂದಿನವರಿಗೆ ಅವಲಕ್ಕಿ ಹಚ್ಚಿಡುತ್ತಾರೆ. ಹುಡುಗಿ ಮರೆಯುವುದಿಲ್ಲ. ಏಳನೆಯ ಸಲವೋ ಎಂಟನೆಯ ಸಲವೋ ಸೀರೆ ಉಟ್ಟು ಹೊರಗೆ ಬರುವ ಹೊತ್ತಿಗೆ ಆಕೆ ತನ್ನನ್ನು ತಾನೇ ಆ ಬಂದವರ ಕಣ್ಣಿನಿಂದ ನೋಡಲು ಕಲಿತುಬಿಟ್ಟಿರುತ್ತಾಳೆ. ಫೋಟೋ ತೆಗೆಯುವಾಗ ಹಿಂದೆ ಸರಿಯುತ್ತಾಳೆ. ಗೆಳತಿಯ ಮದುವೆಗೆ ಹೋಗಲು ಒಲ್ಲೆ ಎನ್ನುತ್ತಾಳೆ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಏಳಲು ಮನಸ್ಸಿಲ್ಲ. ಮನೆಯವರು ಇದಕ್ಕೆ ಕೊಡುವ ಹೆಸರು ‘ಸೊಕ್ಕು’ ಅಥವಾ ‘ಸೋಮಾರಿತನ’. ವೈದ್ಯರು ಕೊಡುವ ಹೆಸರು ಖಿನ್ನತೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಹಾಗೆ ಇದೂ ಚಿಕಿತ್ಸೆ ಇರುವ ಕಾಯಿಲೆ. ಆದರೆ ಈ ಕಾಯಿಲೆಯ ಬೀಜ ಹಾರಿಬಂದದ್ದಲ್ಲ. ನಾವು ಕೈಯಾರೆ ಬಿತ್ತಿದ್ದು.

ಬಿತ್ತನೆ ಎಷ್ಟು ಬೇಗ ಶುರುವಾಗುತ್ತದೆ ಗೊತ್ತೇ? ಮಗು ಹುಟ್ಟುವ ಮೊದಲು. ಗರ್ಭದಲ್ಲಿರುವ ಮಗುವಿಗೆ ಲಿಂಗಸಂಸ್ಕಾರ ಮಾಡುವ ಧರ್ಮ ನಮ್ಮದು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ, ಕಪ್ಪೋ ಬಿಳುಪೋ ಎಂದು ನೋಡದೆ ಎಲ್ಲರಿಗೂ ಒಂದೇ ಲಿಂಗ. ಅದೇ ಬಸುರಿಗೆ, ಅದೇ ಮನೆಯಲ್ಲಿ, ಕುಬಸದ ಹೊತ್ತಿಗೆ ಹಾಲಿನಲ್ಲಿ ಕೇಸರಿ ಕಲಸಿ ಕುಡಿಸುತ್ತೇವೆ, ಕೂಸು ಕೆಂಪಗೆ ಹುಟ್ಟಲಿ ಎಂದು. ಕೇಸರಿಯಿಂದ ಮಗುವಿನ ಬಣ್ಣ ಬದಲಾಗುವುದಿಲ್ಲ. ಬಣ್ಣ ನಿರ್ಧಾರವಾಗುವುದು ತಂದೆ-ತಾಯಿಯಿಂದ ಬಂದ ವಂಶವಾಹಿಗಳಿಂದ. ಹಾಲು ಒಳ್ಳೆಯದು, ಕುಡಿಯಲಿ. ಆದರೆ ಒಂದು ಕೈಯಿಂದ ಸಮಾನತೆಯ ಲಿಂಗ, ಇನ್ನೊಂದು ಕೈಯಿಂದ ಬಣ್ಣದ ಲೋಟ: ಇದು ಯಾವ ಸಂಸ್ಕಾರ?

ಇನ್ನೊಂದು ಮಾತು ಕೇಳುತ್ತೇನೆ. ನಿತ್ಯ ಬೆಳಿಗ್ಗೆ ನಾವು ಅಂಗೈಯಲ್ಲಿ ಹಿಡಿದು, ರೆಪ್ಪೆ ಬಡಿಯದೆ ದಿಟ್ಟಿಸಿ ನೋಡುವ ಇಷ್ಟಲಿಂಗದ ಬಣ್ಣ ಯಾವುದು? ಕಪ್ಪು. ಅದರ ಹೊಳೆಯುವ ಕಪ್ಪಿನಲ್ಲಿಯೇ ನಮ್ಮ ದೃಷ್ಟಿ ನಿಲ್ಲುವುದು. ಅರ್ಧ ಗಂಟೆ ಆ ಕಪ್ಪಿನಲ್ಲಿ ಪರಶಿವನನ್ನು ಕಂಡು, ಲಿಂಗವನ್ನು ಕರಡಿಗೆಯಲ್ಲಿಟ್ಟು ಎದ್ದು ಬಂದವರು, ಮಧ್ಯಾಹ್ನ ಕನ್ಯಾ ನೋಡಿ “ಬಣ್ಣ ಕಮ್ಮಿ” ಎನ್ನುತ್ತಾರೆ. ಇಂಥವರಿಗೆ ತ್ರಾಟಕ ಕಲಿಸಿದ ಗುರುಗಳು ಏನನ್ನಬೇಕು?

ನಮ್ಮ ಕ್ಯಾಲೆಂಡರುಗಳನ್ನೂ ಒಮ್ಮೆ ನೋಡಿ. ಮಠಗಳಿಂದ, ಸಹಕಾರಿ ಸಂಘಗಳಿಂದ ಪ್ರತಿವರ್ಷ ಅಚ್ಚಾಗಿ ಬರುವ ಚಿತ್ರಗಳಲ್ಲಿ ಅಕ್ಕಮಹಾದೇವಿ ಹೇಗಿದ್ದಾಳೆ? ಹಾಲುಬಣ್ಣ, ಸಿನಿಮಾ ನಾಯಕಿಯ ಸೊಂಟ, ಶಾಂಪೂ ಜಾಹೀರಾತಿನ ಕೂದಲು. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಬಿಸಿಲು-ಮಳೆಯಲ್ಲಿ ನಡೆದ ಹೆಣ್ಣುಮಗಳು ಈಕೆ ಎಂದು ಆ ಚಿತ್ರ ನೋಡಿದವರಾರೂ ನಂಬಲಾರರು. ದಾರಿಯ ಧೂಳು ಅವಳಿಗೆ ತಾಗಿಯೇ ಇಲ್ಲ. ಕೌಶಿಕ ರಾಜ ಅವಳ ರೂಪವನ್ನು ಕಂಡು ಬೆನ್ನುಹತ್ತಿದ. ಆ ನೋಟವನ್ನು ಧಿಕ್ಕರಿಸಿ ಅವಳು ಅರಮನೆ ಬಿಟ್ಟು ನಡೆದಳು. ಎಂಟುನೂರು ವರ್ಷಗಳ ಮೇಲೆ ನಾವು ಅವಳನ್ನು ಮತ್ತೆ ಕೌಶಿಕನ ಕಣ್ಣಿಗೆ ಹಿತವಾಗುವಂತೆ ಬರೆಯಿಸಿ ಗೋಡೆಗೆ ತೂಗುಹಾಕಿದ್ದೇವೆ. ಶರಣೆಯರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ವಚನ ಬರೆದರು. ಆಯ್ದಕ್ಕಿ ಲಕ್ಕಮ್ಮ, ನೂಲುವ ಕದಿರ ರೆಮ್ಮವ್ವೆ, ಕಸ ಗುಡಿಸುವ ಸತ್ಯಕ್ಕ, ಕೊಟ್ಟಣ ಕುಟ್ಟುವ ಸೋಮಮ್ಮ. ಇವರನ್ನು ಲೋಕ ಗುರುತು ಹಿಡಿದದ್ದು ಕಾಯಕದಿಂದ. ಕಾಯದಿಂದ ಹುಟ್ಟಿದ ಮಾತು ಕಾಯಕ. ದುಡಿಯುವ ಮೈಗೆ ಇದಕ್ಕಿಂತ ದೊಡ್ಡ ಮರ್ಯಾದೆಯನ್ನು ಯಾವ ಧರ್ಮ ಕೊಟ್ಟಿತ್ತು?

ವ್ಯಾಪಾರಿಗಳ ಮಾತಿಗೆ ಬರೋಣ. ಫೇರ್ ಅಂಡ್ ಲವ್ಲಿ ಎಂಬ ಕ್ರೀಮು ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ನಲವತ್ತೈದು ವರ್ಷ ಅದು ಹೆಣ್ಣುಮಕ್ಕಳಿಗೆ ಬೆಳ್ಳಗಾದರೆ ಕೆಲಸ ಸಿಗುತ್ತದೆ, ಗಂಡ ಸಿಗುತ್ತಾನೆ ಎಂದು ಪಾಠ ಹೇಳಿತು. 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ, ಕಪ್ಪು ಬಣ್ಣದವರನ್ನು ಮದುವೆಯಲ್ಲಿ, ಉದ್ಯೋಗದಲ್ಲಿ ಹಿಂದುಳಿದವರೆಂದು ತೋರಿಸಬಾರದು ಎಂಬ ನಿಯಮ ಮಾಡಿತು. 2020ರಲ್ಲಿ ಜಗತ್ತಿನಾದ್ಯಂತ ವರ್ಣಭೇದದ ವಿರುದ್ಧ ದನಿ ಎದ್ದಾಗ ಆ ಕ್ರೀಮಿನ ಹೆಸರು ಗ್ಲೋ ಅಂಡ್ ಲವ್ಲಿ ಎಂದಾಯಿತು. ಡಬ್ಬಿಯ ಹೆಸರು ಬದಲಾದರೆ ಒಳಗಿನ ಆಸೆ ಬದಲಾಗುವುದಿಲ್ಲ ಎನ್ನಿ, ಆದರೂ ನಾಚಿಕೆಯ ಒಂದು ಗುರುತಾದರೂ ಕಂಡಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಎಂಬ ಮದುವೆ ಜಾಲತಾಣವು ಮೈಬಣ್ಣದ ಆಧಾರದ ಮೇಲೆ ಸಂಬಂಧ ಸೋಸುವ ಸೌಲಭ್ಯವನ್ನು ತೆಗೆದುಹಾಕಿತು. ಹೆಣ್ಣುಮಕ್ಕಳು ಸಹಿ ಸಂಗ್ರಹಿಸಿ ಕೇಳಿದ್ದಕ್ಕೆ ತೆಗೆಯಿತು. ಲಾಭಕ್ಕಾಗಿ ಅಂಗಡಿ ಇಟ್ಟವರು ತೆಗೆದ ಸಾಲನ್ನು ದಾಸೋಹಕ್ಕಾಗಿ ಸಮಾವೇಶ ಮಾಡುವ ನಾವು ಇನ್ನೂ ಅಚ್ಚು ಹಾಕಿಸುತ್ತಿದ್ದೇವೆ.

ಕ್ರೀಮು ಹಚ್ಚಿಕೊಂಡರೆ ಏನಾಯಿತು, ಹೋಗುವುದು ನಾಲ್ಕು ದುಡ್ಡು ತಾನೇ ಎನ್ನುವವರಿಗೆ ಇದನ್ನು ಹೇಳಬೇಕು. ನಮ್ಮ ಔಷಧಿ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಸಿಗುವ ಕೆಲವು ಟ್ಯೂಬುಗಳಲ್ಲಿ ಇರುವುದು ಸ್ಟಿರಾಯ್ಡ್. ಇಸಬು ಮೊದಲಾದ ಚರ್ಮರೋಗಕ್ಕೆ ವೈದ್ಯರು ಕೆಲವೇ ದಿನಕ್ಕೆ ಎಂದು ಬರೆಯುವ ಔಷಧಿ ಅದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಪಕ್ಕದ ಮನೆಯವರು ಅದನ್ನು ‘ಬೆಳ್ಳಗಾಗುವ ಮುಲಾಮು’ ಎಂದು ಹೇಳಿಕೊಟ್ಟರು. ಮೊದಲ ಎರಡು ತಿಂಗಳು ಮುಖ ಹೊಳೆಯಿತು, ಮನೆಯವರೆಲ್ಲ ಹಿಗ್ಗಿದರು. ಆಮೇಲೆ ಚರ್ಮ ತೆಳುವಾಯಿತು, ಕೆಂಪಾಯಿತು, ಬಿಸಿಲಿಗೆ ಹೋದರೆ ಉರಿ, ಒಲೆಯ ಮುಂದೆ ನಿಂತರೆ ಉರಿ. ಮೊಡವೆ ಎದ್ದವು, ಗಲ್ಲದ ಮೇಲೆ ನವಿರು ಕೂದಲು ಬೆಳೆಯಿತು. ಬಿಟ್ಟರೆ ಇನ್ನೂ ಹೆಚ್ಚು ಉರಿ, ಅದಕ್ಕೆ ಮತ್ತೆ ಅದನ್ನೇ ಹಚ್ಚುವುದು. ಚರ್ಮರೋಗ ತಜ್ಞರಿಗೆ ಈ ಮುಖಗಳು ಚೆನ್ನಾಗಿ ಪರಿಚಿತ. ಅದಕ್ಕೆ ಅವರಲ್ಲಿ ಒಂದು ರೋಗದ ಹೆಸರೇ ಇದೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಮಾಡಿತು. ನಿಯಮ ಕಾಗದದಲ್ಲಿದೆ, ಟ್ಯೂಬು ಗಾಜಿನ ಕಪಾಟಿನಲ್ಲಿದೆ. ಇನ್ನು ಹೆಸರಿಲ್ಲದ, ತಯಾರಕರ ವಿಳಾಸವಿಲ್ಲದ ಕ್ರೀಮುಗಳಲ್ಲಿ ಪಾದರಸ ಇರುವುದುಂಟು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥವನ್ನು ಹಚ್ಚಿಕೊಂಡವರ ಮೂತ್ರಪಿಂಡ ಕೆಟ್ಟ ಪ್ರಕರಣಗಳನ್ನು ವೈದ್ಯರು ಪತ್ತೆ ಮಾಡಿದರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಹೋಯಿತು.

ತೂಕದ ಕಥೆ ಬೇರೆ ಅಲ್ಲ. ಕಪ್ಪಗಿರುವವರಿಗೆ ಕ್ರೀಮು, ದಪ್ಪಗಿರುವವರಿಗೆ ಉಪವಾಸ. ಮಠವೊಂದರ ಪ್ರಸಾದ ನಿಲಯದಲ್ಲಿದ್ದ ಪಿಯುಸಿ ಹುಡುಗಿಯೊಬ್ಬಳು ಎರಡು ರೊಟ್ಟಿಯಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ ಇಳಿದಳು. ಊರಿಗೆ ಹೋದಾಗ ಸೋದರತ್ತೆ ನಾಲ್ಕು ಜನರ ಎದುರು “ಪ್ರಸಾದ ಭಾಳ ಹತ್ತೈತಿ ನಿನಗ” ಎಂದು ನಕ್ಕಿದ್ದರಂತೆ. ಅಷ್ಟೇ ಮಾತು. ಆಮೇಲೆ ಉಂಡದ್ದನ್ನು ಹಿತ್ತಲಿಗೆ ಹೋಗಿ ಕಕ್ಕಲು ಶುರುಮಾಡಿದಳು. ಒಂದು ದಿನ ಸಾಮೂಹಿಕ ಪ್ರಾರ್ಥನೆಯ ಸಾಲಿನಲ್ಲಿಯೇ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಹಿಮೋಗ್ಲೋಬಿನ್ ಏಳು ಗ್ರಾಂ. ಹೆಂಗಸರಲ್ಲಿ ಇದು ಹನ್ನೆರಡಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ರಕ್ತವೇ ಇಲ್ಲದ ಮೈಗೆ ನಾವು ತೆಳ್ಳಗಾಗು ಎನ್ನುತ್ತಿದ್ದೇವೆ. ಥೈರಾಯ್ಡ್‌ನಿಂದ, ಪಿಸಿಓಡಿಯಿಂದ ತೂಕ ಏರಿದವರಿಗೆ “ತಿಂದು ತಿಂದು ಹಿಂಗಾಗಿ” ಎನ್ನುತ್ತೇವೆ. ಹೆತ್ತು ಮೂರು ತಿಂಗಳಾಗದ ಬಾಣಂತಿಗೂ ಬಿಡುವುದಿಲ್ಲ.

ಆ ಪಿಯುಸಿ ಹುಡುಗಿಗೆ ಚಿಕಿತ್ಸೆಗಿಂತ ಮೊದಲು ಸಿಕ್ಕದ್ದು ಉಪದೇಶ. ಪ್ರವಚನಕ್ಕೆ ಬಂದಿದ್ದ ಒಬ್ಬರು ಅವಳನ್ನು ಕೂಡಿಸಿಕೊಂಡು, ದೇಹ ನಶ್ವರ, ದೇಹಭಾವ ಬಿಡು, ಅಕ್ಕನನ್ನು ನೋಡು, ಅವಳು ದೇಹವನ್ನೇ ಲೆಕ್ಕಿಸಲಿಲ್ಲ ಎಂದರಂತೆ. ಈ ಮಾತಿನ ಬಗ್ಗೆ ನನ್ನ ತಕರಾರು ಎಲ್ಲಕ್ಕಿಂತ ಹೆಚ್ಚು. ಏಕೆಂದರೆ ಇದು ನಮ್ಮವರ, ಸುಧಾರಕರ ಬಾಯಿಂದಲೇ ಬರುತ್ತದೆ, ಶರಣರ ಹೆಸರಿನಲ್ಲಿಯೇ ಬರುತ್ತದೆ. ಹೆಣ್ಣಿನ ಮೈಯನ್ನು ಇಪ್ಪತ್ತು ವರ್ಷ ಅಳೆದು ತೂಗಿ ಗಾಯ ಮಾಡುವುದು ನಾವು. ಗಾಯ ನೋಯುತ್ತಿದೆ ಎಂದರೆ ‘ನಿನಗೆ ದೇಹಭಾವ ಹೆಚ್ಚು’ ಎನ್ನುವುದೂ ನಾವು. ಅಕ್ಕ ತನ್ನ ಮೈಯನ್ನು ಹೇಸಿಕೊಂಡು ಹಸಿವಿನಿಂದ ಕೊಂದುಕೊಂಡವಳಲ್ಲ. ಅವಳು ಕಳಚಿ ಎಸೆದದ್ದು ಅರಮನೆಯ ಒಡೆತನವನ್ನು, ನೋಡುವವರ ಅಧಿಕಾರವನ್ನು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅವಳ ದೇಹದ ಬಗೆಗೇ ಕಟುವಾಗಿ ಪ್ರಶ್ನಿಸಿದರು ಎಂದು ಶೂನ್ಯಸಂಪಾದನೆ ಹೇಳುತ್ತದೆ. ಅವಳು ಉತ್ತರ ಕೊಟ್ಟಳು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಹಿರಿಯರೆಲ್ಲ ಅವಳನ್ನು ಅಕ್ಕ ಎಂದು ಒಪ್ಪಿಕೊಂಡರು. ನಮ್ಮ ಹುಡುಗಿಯರಿಗೆ ಆ ಪ್ರಶ್ನೆ ಪ್ರತಿ ಹಬ್ಬಕ್ಕೂ, ಪ್ರತಿ ಲಗ್ನಕ್ಕೂ ಹೊಸದಾಗಿ ಬರುತ್ತದೆ. ದೇಹವನ್ನು ದೇವಾಲಯ ಎಂದವರು ಬಸವಣ್ಣನವರು. ಪ್ರಸಾದಕಾಯ ಎಂಬ ಮಾತು ಕೊಟ್ಟವರು ಶರಣರು. ಪ್ರಸಾದ ಸ್ವೀಕರಿಸಿದ ಮೈಯನ್ನು ಹೀಗಳೆಯುವುದು ಯಾವ ಶರಣರ ದಾರಿ?

ಇನ್ನು ಕೆಲವು ಆಕ್ಷೇಪಗಳು. ಸಮಾವೇಶದ ಸಮಿತಿಯಲ್ಲಿ ನಾನು ಈ ವಿಷಯ ಎತ್ತಿದಾಗ ಹಿರಿಯರೊಬ್ಬರು, “ಫೋಟೋ ಹಚ್ಚಿರತಾರಲ್ರಿ, ಕಾಲಂ ತೆಗೆದರ ಏನು ಉಪಯೋಗ?” ಎಂದರು. ಫೋಟೋದಲ್ಲಿ ಕಾಣುವುದಾದರೆ ಕಾಲಂ ಏಕೆ ಬೇಕು ಎಂದು ನಾನೂ ಕೇಳಿದೆ. ಆ ಕಾಲಂ ಇರುವುದು ಮಾಹಿತಿಗಲ್ಲ. ಹುಡುಗಿ ತನ್ನ ಕೈಯಿಂದಲೇ ತನ್ನ ಕೊರತೆಯನ್ನು ಬರೆದುಕೊಡಲಿ ಎಂದು ಅದು ಇದೆ. ಜಾತಿಯ ಕಾಲಂ ಬಗ್ಗೆ ನಮ್ಮ ಹಿರಿಯರು ಇದೇ ವಾದ ಮಾಡಿ ಗೆದ್ದಿದ್ದಾರೆ: ಕೇಳುವುದರಿಂದಲೇ ಭೇದ ಬೆಳೆಯುತ್ತದೆ ಎಂದು. ಅದೇ ನ್ಯಾಯ ಇಲ್ಲಿಗೂ ಸಲ್ಲಬೇಕು.

ಮದುವೆಯಾಗುವವರ ಇಷ್ಟ, ಅದನ್ನು ತಡೆಯಲು ನಾವು ಯಾರು ಎಂದವರೂ ಇದ್ದಾರೆ. ಇಷ್ಟ ಇರಲಿ. ಹುಡುಗ-ಹುಡುಗಿ ಮುಖಾಮುಖಿ ಕೂತು ಮಾತಾಡಿ ಒಪ್ಪಲಿ, ಬಿಡಲಿ. ಆದರೆ ಹುಡುಗನ ಇಷ್ಟ ಎಂದು ಹೇಳುವವರಲ್ಲಿ ಹೆಚ್ಚಿನವರು ಹುಡುಗನ ತಾಯಿ, ಅತ್ತೆ, ದೊಡ್ಡಮ್ಮ. ನಾವು ಹೆಂಗಸರೇ ಈ ತಕ್ಕಡಿ ಹಿಡಿದು ಕುಳಿತಿದ್ದೇವೆ ಎಂಬುದನ್ನು ಮುಚ್ಚಿಟ್ಟು ಗಂಡಸರನ್ನಷ್ಟೇ ಬೈದರೆ ಈ ಲೇಖನ ಸುಳ್ಳಾಗುತ್ತದೆ.

ಮಾತಿನಿಂದ ಅಷ್ಟು ನೋವಾಗುತ್ತದೆಯೇ, ತಮಾಷೆಗೆ ಅಂದದ್ದು ಎನ್ನುವವರಿಗೆ ಒಂದು ತೀರ್ಪನ್ನು ನೆನಪಿಸುತ್ತೇನೆ. 2023ರಲ್ಲಿ ಕರ್ನಾಟಕ ಹೈಕೋರ್ಟು ಒಂದು ಪ್ರಕರಣದಲ್ಲಿ, ಸಂಗಾತಿಯನ್ನು ಕಪ್ಪು ಎಂದು ಹೀಯಾಳಿಸುವುದು ಕ್ರೌರ್ಯ ಎಂದು ಹೇಳಿ ವಿಚ್ಛೇದನ ಕೊಟ್ಟಿತು. ಅಲ್ಲಿ ಹೀಯಾಳಿಸಿಕೊಂಡವನು ಗಂಡ. ಗಂಡಸಿಗೆ ಇದು ಕ್ರೌರ್ಯವೆಂದು ನ್ಯಾಯಾಲಯಕ್ಕೆ ತಿಳಿಯಿತು. ಹುಟ್ಟಿದಾಗಿನಿಂದ ‘ಕರೆವ್ವ’ ಎಂದು ಕರೆಸಿಕೊಂಡ ಹುಡುಗಿಗೆ ಅದು ತಮಾಷೆಯೇ?

ಮಠಗಳಿಂದ ನಾನು ಬಯಸುವುದು ಹೆಚ್ಚೇನಲ್ಲ. ಅರ್ಜಿಯಿಂದ ಬಣ್ಣ ಮತ್ತು ತೂಕದ ಸಾಲುಗಳು ಹೋಗಲಿ. ಬೇಕಿದ್ದರೆ ಇಬ್ಬರಿಗೂ ರಕ್ತ ಪರೀಕ್ಷೆಯ ಸಾಲು ಬರಲಿ. ವೇದಿಕೆಯ ಮೇಲೆ ಹುಡುಗಿಯರನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ ಮೈಕಿನಲ್ಲಿ ಪರಿಚಯ ಮಾಡುವ ಪದ್ಧತಿ ನಿಲ್ಲಲಿ. ಕೋಣೆಯೊಳಗೆ ಎರಡು ಕುಟುಂಬಗಳು ಕುಳಿತು ಮಾತಾಡಲು ಮಠದಲ್ಲಿ ಜಾಗಕ್ಕೆ ಬರವಿಲ್ಲ. ಪ್ರಸಾದ ನಿಲಯಗಳಲ್ಲಿ ಮಕ್ಕಳ ಮೈಯ ಬಗ್ಗೆ ಅಡ್ಡಹೆಸರು ಇಟ್ಟು ಕರೆಯುವುದನ್ನು ಮೇಲ್ವಿಚಾರಕರು ಜಾತಿನಿಂದನೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಲಿ. ಉಣ್ಣದೆ ಏಳುವ, ಉಂಡು ಕಕ್ಕುವ, ಕನ್ನಡಿ ಬಿಟ್ಟು ಕದಲದ, ಇಲ್ಲವೇ ಕನ್ನಡಿ ನೋಡಲು ಹೆದರುವ ಮಗುವನ್ನು ಪ್ರವಚನಕ್ಕೆ ಕಳಿಸುವ ಮೊದಲು ವೈದ್ಯರ ಹತ್ತಿರ ಕರೆದೊಯ್ಯಲಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು-ರಾತ್ರಿ ಯಾವಾಗ ಕರೆ ಮಾಡಿದರೂ ದುಡ್ಡಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಬದುಕು ಸಾಕು ಎಂಬ ಮಾತು ಯಾವ ಹುಡುಗಿಯ ಬಾಯಿಂದ ಬಂದರೂ ಅಂದೇ ಕರೆ ಮಾಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ. ಈ ಸಂಖ್ಯೆಯನ್ನು ಪ್ರಸಾದ ನಿಲಯದ ಊಟದ ಮನೆಯ ಗೋಡೆಯ ಮೇಲೆ, ಅಕ್ಕನ ಚಿತ್ರದ ಕೆಳಗೆ ಬರೆಸಿರಿ. ಚಿತ್ರ ಬರೆಯುವ ಕಲಾವಿದರಿಗೆ ಅಕ್ಕನ ಕಾಲಿಗೆ ಸ್ವಲ್ಪ ಧೂಳನ್ನೂ ಹಚ್ಚಲು ಹೇಳಿ.

ನಮ್ಮ ಸಮಾವೇಶದ ಅರ್ಜಿ ನಮೂನೆ ಶ್ರಾವಣ ಮುಗಿದ ಮೇಲೆ ಅಚ್ಚಿಗೆ ಹೋಗುತ್ತದೆ. ಅದಕ್ಕೆ ಮೊದಲು ಆ ಎರಡು ಸಾಲು ತೆಗೆಯಬೇಕೆಂದು ಅಕ್ಕನ ಬಳಗದಿಂದ ಪೂಜ್ಯರಿಗೆ ಮನವಿ ಬರೆದಿದ್ದೇವೆ. ಮುಂದಿನ ಶಿವಾನುಭವ ಗೋಷ್ಠಿಯ ದಿನ ಅದನ್ನು ಓದುತ್ತೇವೆ. ನಲವತ್ತೊಂದು ಸಹಿಗಳಾಗಿವೆ. ಅವುಗಳಲ್ಲಿ ಗಂಡಸರ ಸಹಿ ಆರು.